ರಿಪೋರ್ಟ್ ‘ನಾರ್ಮಲ್’ ಎಂದರೆ ನೋವು ಸುಳ್ಳಲ್ಲ: ಕೋಲಾರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕೋಲಾರ

ಪ್ರತಿಗಳು: ಮಾನ್ಯ ಜಿಲ್ಲಾಧಿಕಾರಿಗಳು, ಜಿಲ್ಲಾ ಶಸ್ತ್ರಚಿಕಿತ್ಸಕರು, ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಜಿಲ್ಲೆಯ ಎಲ್ಲ ತಾಲ್ಲೂಕು ಆರೋಗ್ಯಾಧಿಕಾರಿಗಳು ಮತ್ತು ಲ್ಯಾಬ್‌ಗಳ ಮುಖ್ಯಸ್ಥರು

ವಿಷಯ: ಎಂಡೊಮೆಟ್ರಿಯೋಸಿಸ್ ಪತ್ತೆಗೆ ರಕ್ತ ಪರೀಕ್ಷೆಯ ತಪ್ಪು ಬಳಕೆಯನ್ನು ತಡೆಯುವ ಬಗ್ಗೆ, ಮತ್ತು ಜಿಲ್ಲೆಯಲ್ಲಿ ಈಗಲೇ ಮಾಡಬಹುದಾದ ಕೆಲಸದ ಬಗ್ಗೆ

ಮಾನ್ಯರೇ,

ತಿಂಗಳು ತಿಂಗಳೂ ಮುಟ್ಟಿನ ನೋವಿನಲ್ಲಿ ಒದ್ದಾಡುವ ಹೆಣ್ಣುಮಕ್ಕಳ ಕೈಗೆ ಈಗೀಗ ಒಂದು ಚೀಟಿ ಬರುತ್ತಿದೆ. ಅದರಲ್ಲಿ ಬರೆದಿರುವುದು ‘ಸಿಎ-125’, ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯನ್ನು ಹುಡುಕಲೆಂದು ಬರೆದುಕೊಡುವ ಒಂದು ರಕ್ತ ಪರೀಕ್ಷೆ. ಲ್ಯಾಬ್‌ಗೆ ಹೋಗಿ ಸಾವಿರ ರೂಪಾಯಿ ಆಚೀಚೆ ಕೊಟ್ಟು ರಕ್ತ ಕೊಡುತ್ತಾರೆ. ಮಾರನೆಯ ದಿನ ಫೋನಿಗೆ ರಿಪೋರ್ಟ್ ಬರುತ್ತದೆ: 18, ನಾರ್ಮಲ್. ಅಲ್ಲಿಗೆ ಮನೆಯವರ ಮಾತು ಮುಗಿಯಿತು. ‘ಏನೂ ಇಲ್ಲ ಅಂತ ರಿಪೋರ್ಟೇ ಹೇಳ್ತಿದೆಯಲ್ಲ, ಇನ್ನು ಸುಮ್ಮನಿರು’. ಇನ್ನೊಬ್ಬಳಿಗೆ 92 ಬರುತ್ತದೆ. ಆಕೆ ಅದನ್ನು ಮೊಬೈಲಿನಲ್ಲಿ ಹುಡುಕಿ, ಕ್ಯಾನ್ಸರ್ ಎಂದು ಓದಿ, ರಾತ್ರಿಯೆಲ್ಲ ನಿದ್ದೆಗೆಡುತ್ತಾಳೆ. ಇಬ್ಬರಿಗೂ ಆ ಸಂಖ್ಯೆ ಸತ್ಯ ಹೇಳಿಲ್ಲ.

ನಾವು ಈ ಜಿಲ್ಲೆಯ ಲ್ಯಾಬ್‌ಗಳಲ್ಲಿ, ಸ್ಕ್ಯಾನಿಂಗ್ ಕೋಣೆಗಳಲ್ಲಿ, ಸ್ತ್ರೀರೋಗ ಹೊರರೋಗಿ ವಿಭಾಗಗಳಲ್ಲಿ ಕೆಲಸ ಮಾಡುವವರು. ನಮ್ಮ ಮಾತು ಒಂದೇ: ಇಂದಿನ ಮಟ್ಟಿಗೆ ಯಾವುದೇ ರಕ್ತ ಪರೀಕ್ಷೆ ಎಂಡೊಮೆಟ್ರಿಯೋಸಿಸ್ ಇದೆ ಎಂದಾಗಲಿ, ಇಲ್ಲ ಎಂದಾಗಲಿ ತೀರ್ಪು ಕೊಡಲಾರದು. ಆದರೂ ಆಪರೇಷನ್ ಇಲ್ಲದೆಯೇ ಈ ಕಾಯಿಲೆಯನ್ನು ಗುರುತಿಸಿ ಚಿಕಿತ್ಸೆ ಆರಂಭಿಸುವ ದಾರಿ ಈಗಲೇ ಇದೆ, ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೇ ಇದೆ. ಆ ದಾರಿಯನ್ನು ಬಿಟ್ಟು ನಾವು ಸಿಎ-125ರ ಹಿಂದೆ ಓಡುತ್ತಿದ್ದೇವೆ.

ಕಾಯಿಲೆಯ ಬಗ್ಗೆ ನಿಮಗೆ ಹೇಳಬೇಕಿಲ್ಲ, ಆದರೆ ಈ ಪತ್ರವನ್ನು ಸಾರ್ವಜನಿಕರೂ ಓದುತ್ತಾರೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುತ್ತದೆ. ಅಂಡಾಶಯದೊಳಗೆ, ಗರ್ಭಕೋಶವನ್ನು ಹಿಂದಿನಿಂದ ಹಿಡಿದಿರುವ ಕಟ್ಟುಗಳ ಮೇಲೆ, ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ಸಂದಿಯಲ್ಲಿ, ಕೆಲವರಿಗೆ ಕರುಳಿನ ಮತ್ತು ಮೂತ್ರಕೋಶದ ಗೋಡೆಯ ಮೇಲೂ. ಹಾರ್ಮೋನಿನ ಏರಿಳಿತಕ್ಕೆ ಅದೂ ಸ್ಪಂದಿಸುತ್ತದೆ, ಸುತ್ತ ಉರಿಯೂತ ಹುಟ್ಟುತ್ತದೆ, ಕಾಲಕ್ರಮೇಣ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಡಾಶಯದೊಳಗೆ ಹಳೆಯ ರಕ್ತ ತುಂಬಿಕೊಂಡರೆ ಅದೇ ಚಾಕಲೇಟ್ ಸಿಸ್ಟ್. ಪ್ರಪಂಚದಲ್ಲಿ ಮುಟ್ಟಾಗುವ ವಯಸ್ಸಿನವರಲ್ಲಿ ಸುಮಾರು ಶೇ 10ರಷ್ಟು, ಅಂದರೆ 19 ಕೋಟಿ ಜನರಿಗೆ ಇದು ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ರೋಗಲಕ್ಷಣ ಶುರುವಾಗಿ ಹೆಸರು ಸಿಗುವ ಹೊತ್ತಿಗೆ ಸರಾಸರಿ 4ರಿಂದ 12 ವರ್ಷ ಕಳೆದಿರುತ್ತದೆ.

ಆ ವರ್ಷಗಳಲ್ಲಿ ಏನಾಗುತ್ತದೆ ಎಂಬುದು ನಮ್ಮ ಹೊರರೋಗಿ ಚೀಟಿಗಳಲ್ಲೇ ಇರುತ್ತದೆ. ಮೊದಲು ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆ. ಆಮೇಲೆ ‘ಗ್ಯಾಸ್ಟ್ರಿಕ್’. ಮಲವಿಸರ್ಜನೆಗೆ ಹೋದಾಗ ನೋವು ಎಂದರೆ ಮೂಲವ್ಯಾಧಿಯ ಔಷಧಿ, ಉರಿ ಎಂದರೆ ಮೂತ್ರದ ಸೋಂಕಿನ ಔಷಧಿ, ಬಲಗಡೆ ನೋವು ಎಂದರೆ ಅಪೆಂಡಿಕ್ಸ್ ಆಪರೇಷನ್. ‘ಮದುವೆಯಾದರೆ ಸರಿಹೋಗುತ್ತೆ’, ‘ಒಂದು ಮಗು ಆದರೆ ನಿಲ್ಲುತ್ತೆ’ ಎಂಬ ಮಾತು ಮನೆಯಲ್ಲಷ್ಟೇ ಅಲ್ಲ, ಕೆಲವೊಮ್ಮೆ ನಮ್ಮ ಆಸ್ಪತ್ರೆಗಳಲ್ಲೂ ಕೇಳುತ್ತದೆ. ಕೊನೆಗೆ ಮೂವತ್ತೈದರ ಆಸುಪಾಸಿಗೆ ‘ಗರ್ಭಕೋಶವನ್ನೇ ತೆಗೆಸಿಬಿಡಿ’. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿದೆ. ಇನ್ನೂ ಒಂದು ಮಾತು. ಈ ಅಂಗಾಂಶ ಗರ್ಭಕೋಶದ ಹೊರಗೆ ಕೂತಿರುವಾಗ ಗರ್ಭಕೋಶ ಮಾತ್ರ ತೆಗೆದರೆ ನೋವು ಉಳಿದೇ ಉಳಿಯಬಹುದು.

ಇಷ್ಟು ತಡವಾಗುವುದಕ್ಕೆ ಒಂದು ದೊಡ್ಡ ಕಾರಣ ಹಳೆಯ ನಿಯಮ. ಲ್ಯಾಪರೊಸ್ಕೋಪಿ ಮಾಡಿ, ಕಣ್ಣಾರೆ ನೋಡಿ, ಚೂರು ತೆಗೆದು ಬಯಾಪ್ಸಿಗೆ ಕಳಿಸಿದರೆ ಮಾತ್ರ ರೋಗ ಖಚಿತ ಎಂದು ದಶಕಗಳ ಕಾಲ ಪಾಠ ಹೇಳಲಾಯಿತು. ಅದಕ್ಕೆ ಪೂರ್ತಿ ಅರಿವಳಿಕೆ ಬೇಕು. ಹೊಕ್ಕುಳ ಬಳಿ ರಂಧ್ರ ಮಾಡಿ, ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ, ಇನ್ನೆರಡು ಮೂರು ರಂಧ್ರಗಳಿಂದ ಉಪಕರಣ ಇಳಿಸಬೇಕು. ಕರುಳಿಗೋ ರಕ್ತನಾಳಕ್ಕೋ ಪೆಟ್ಟಾಗುವ ಅಪಾಯ ಚಿಕ್ಕದಾದರೂ ಇದ್ದೇ ಇದೆ. ಅಷ್ಟು ಮಾಡಿದರೂ ನೋಡುವ ಕಣ್ಣು ಪಳಗಿಲ್ಲದಿದ್ದರೆ ಪೊರೆಯ ಅಡಿಯಲ್ಲಿರುವ ಆಳದ ಗಂಟು ತಪ್ಪಿಹೋಗುತ್ತದೆ. ಹದಿನೆಂಟರ ಹುಡುಗಿಯನ್ನು ಬರೀ ‘ನೋಡುವುದಕ್ಕೆ’ ಆಪರೇಷನ್ ಟೇಬಲ್ ಮೇಲೆ ಮಲಗಿಸಲು ಯಾವ ತಾಯಿ ತಾನೇ ಒಪ್ಪುತ್ತಾಳೆ? ಆ ಹಿಂಜರಿಕೆ ನ್ಯಾಯವಾದದ್ದೇ. 2022ರಲ್ಲಿ ಯುರೋಪಿನ ಸಂತಾನೋತ್ಪತ್ತಿ ತಜ್ಞರ ಸಂಘ ‘ಎಶ್ರೆ’ ತನ್ನ ಮಾರ್ಗಸೂಚಿಯನ್ನು ಬದಲಿಸಿ, ರೋಗಪತ್ತೆಗೆ ಲ್ಯಾಪರೊಸ್ಕೋಪಿಯೇ ಅಂತಿಮ ಅಳತೆಗೋಲು ಅಲ್ಲ ಎಂದು ಸ್ಪಷ್ಟವಾಗಿ ಬರೆಯಿತು. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದಾಗ, ಅಥವಾ ಔಷಧಿ ಕೆಲಸ ಮಾಡದಿದ್ದಾಗ ಇಲ್ಲವೇ ಕೊಡಲು ಬಾರದಿದ್ದಾಗ ಮಾತ್ರ ಅದರ ಮೊರೆ ಹೋಗಿ ಎಂದಿತು. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಸಾಲೂ ಇದೆ: ರಕ್ತದಲ್ಲಿನ ಸೂಚಕಗಳನ್ನು ಅಳೆದು ಈ ರೋಗವನ್ನು ಪತ್ತೆಮಾಡಬೇಡಿ. ಮೊದಲನೆಯ ಸಾಲನ್ನು ಓದಿದವರು ಎರಡನೆಯದನ್ನು ಓದಲಿಲ್ಲವೇನೋ ಎಂಬ ಹಾಗಾಗಿದೆ.

ಸಿಎ-125 ಒಂದು ದೊಡ್ಡ ಪ್ರೋಟೀನು. ಹೊಟ್ಟೆಯ ಒಳಪೊರೆ, ಎದೆಯ ಒಳಪೊರೆ, ಗರ್ಭನಾಳ, ಗರ್ಭಕೋಶದ ಒಳಪದರ, ಎಲ್ಲವೂ ಅದನ್ನು ತಯಾರಿಸುತ್ತವೆ. ಈ ಪೊರೆಗಳಲ್ಲಿ ಎಲ್ಲಿ ಉರಿಯೂತವಾದರೂ ರಕ್ತದಲ್ಲಿ ಅದು ಏರುತ್ತದೆ. 1980ರ ದಶಕದಿಂದ ಇದನ್ನು ಬಳಸುತ್ತಿರುವುದು ಮುಖ್ಯವಾಗಿ ಅಂಡಾಶಯದ ಕ್ಯಾನ್ಸರ್ ರೋಗಿಗಳಲ್ಲಿ ಚಿಕಿತ್ಸೆ ಹೇಗೆ ಸಾಗಿದೆ ಎಂದು ನೋಡಲು. ಮಿಲಿ ಲೀಟರಿಗೆ 35 ಯೂನಿಟ್ ಎಂಬ ಗೆರೆ ಬಂದದ್ದೂ ಆ ಕಡೆಯಿಂದಲೇ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಇದು ಏರುವುದು ನಿಜ, ಆದರೆ ಎಲ್ಲರಲ್ಲೂ ಅಲ್ಲ. 22 ಅಧ್ಯಯನಗಳ 3,600ಕ್ಕೂ ಹೆಚ್ಚು ಮಹಿಳೆಯರ ಲೆಕ್ಕ ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಗೆರೆಯನ್ನು 30 ಯೂನಿಟ್‌ಗೆ ಇಟ್ಟಾಗ ರೋಗ ಇರುವ 100 ಜನರಲ್ಲಿ 52 ಜನರನ್ನು ಈ ಪರೀಕ್ಷೆ ಹಿಡಿಯಿತು, ರೋಗ ಇಲ್ಲದ 100 ಜನರಲ್ಲಿ 93 ಜನರಿಗೆ ‘ಇಲ್ಲ’ ಎಂದು ಸರಿಯಾಗಿ ಹೇಳಿತು. ರೋಗ ಮುಂದುವರಿದವರಲ್ಲಿ ಹಿಡಿತ ಸ್ವಲ್ಪ ವಾಸಿ. ತೀರಾ ಆರಂಭದಲ್ಲಿದ್ದವರಲ್ಲಿ ಮಾತ್ರ ನಾಲ್ವರಲ್ಲಿ ಒಬ್ಬರನ್ನಷ್ಟೇ ಹಿಡಿಯಿತು. ನಮಗೆ ಬೇಗ ಪತ್ತೆಯಾಗಬೇಕಿರುವುದು ಆ ಹುಡುಗಿಯರೇ ಅಲ್ಲವೇ?

93 ಎಂಬ ಅಂಕಿ ಕೇಳಲು ಚೆನ್ನಾಗಿದೆ. ಅದನ್ನು ನಮ್ಮ ಊರಿನ ಲೆಕ್ಕಕ್ಕೆ ಇಳಿಸಿ ನೋಡೋಣ. ಒಂದು ಶಿಬಿರ ಮಾಡಿ 1,000 ಮಹಿಳೆಯರ ರಕ್ತ ತೆಗೆದೆವು ಎನ್ನಿ. ಶೇ 10ರ ಲೆಕ್ಕದಲ್ಲಿ 100 ಜನರಿಗೆ ರೋಗ ಇದೆ. ಅವರಲ್ಲಿ 52 ಜನರಿಗೆ ಪರೀಕ್ಷೆ ‘ಹೌದು’ ಎನ್ನುತ್ತದೆ, 48 ಜನ ‘ನಾರ್ಮಲ್’ ರಿಪೋರ್ಟ್ ಹಿಡಿದು ಮನೆಗೆ ಹೋಗುತ್ತಾರೆ. ರೋಗ ಇಲ್ಲದ 900 ಜನರಲ್ಲಿ ಶೇ 7, ಅಂದರೆ 63 ಜನರಿಗೂ ಅದು ‘ಹೌದು’ ಎನ್ನುತ್ತದೆ. ಒಟ್ಟು 115 ಜನರಿಗೆ ರಿಪೋರ್ಟ್ ಹೆಚ್ಚು ಬಂದಿದೆ, ಅದರಲ್ಲಿ ನಿಜವಾದವರು 52, ಅರ್ಧಕ್ಕಿಂತ ಕಡಿಮೆ. ಇನ್ನು ಬಂಜೆತನದ ಚಿಕಿತ್ಸೆಗೆ ಬರುವವರ ನಡುವೆ, ರೋಗ ಶೇ 40ರಷ್ಟು ಇದೆ ಎಂದುಕೊಂಡರೆ, ‘ಹೌದು’ ಎಂಬ ಉತ್ತರಕ್ಕೆ ಬೆಲೆ ಬರುತ್ತದೆ: 1,000 ಜನರಲ್ಲಿ 208 ನಿಜ, 42 ಸುಳ್ಳು. ಆದರೆ ಅಲ್ಲಿಯೂ ‘ನಾರ್ಮಲ್’ ಬಂದ 750 ಜನರಲ್ಲಿ 192 ಜನರಿಗೆ ರೋಗ ಇದ್ದೇ ಇದೆ, ನಾಲ್ವರಲ್ಲಿ ಒಬ್ಬರಿಗೆ. ಯಾವ ಗುಂಪನ್ನು ತೆಗೆದುಕೊಂಡರೂ ‘ನಾರ್ಮಲ್’ ಎಂಬ ಉತ್ತರವನ್ನು ನಂಬುವಂತಿಲ್ಲ. ಆದ್ದರಿಂದಲೇ ಆರೋಗ್ಯ ಶಿಬಿರಗಳ ‘ಮಹಿಳಾ ಪ್ಯಾಕೇಜ್’ಗಳಲ್ಲಿ ಸಿಎ-125 ಸೇರಿಸುವುದನ್ನು ನಾವು ವಿರೋಧಿಸುತ್ತೇವೆ.

ಸಿಎ-125 ಏರಲು ಬೇರೆ ಕಾರಣಗಳೂ ಬೇಕಾದಷ್ಟಿವೆ. ಮುಟ್ಟಿನ ದಿನಗಳಲ್ಲಿ ತೆಗೆದ ರಕ್ತದಲ್ಲಿ ಆರೋಗ್ಯವಂತರಲ್ಲೂ ಏರಿರುತ್ತದೆ. ನೋವು ಬಂದ ದಿನವೇ ಆಸ್ಪತ್ರೆಗೆ ಬರುವುದು, ಅಂದೇ ರಕ್ತ ಕೊಡುವುದು ನಮ್ಮಲ್ಲಿ ವಾಡಿಕೆಯಾದ್ದರಿಂದ ಈ ತಪ್ಪು ದಿನನಿತ್ಯದ್ದು. ಬಸುರಿನ ಮೊದಲ ತಿಂಗಳುಗಳು, ಗರ್ಭಕೋಶದ ಗಡ್ಡೆಯಾದ ಫೈಬ್ರಾಯ್ಡ್, ಒಳಪದರದ ಅಂಗಾಂಶ ಗರ್ಭಕೋಶದ ಗೋಡೆಯೊಳಗೇ ಬೆಳೆಯುವ ಅಡೆನೊಮಯೋಸಿಸ್, ಕಿಬ್ಬೊಟ್ಟೆಯ ಸೋಂಕು, ಲಿವರ್ ಸಿರೋಸಿಸ್, ಇವುಗಳಲ್ಲೂ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಹೊಟ್ಟೆಯ ಕ್ಷಯದಲ್ಲಿ ನೂರಾರು ಯೂನಿಟ್‌ಗೆ ಹೋಗುತ್ತದೆ. ಸಂಜೆ ಜ್ವರ, ತೂಕ ಇಳಿಕೆ, ಹೊಟ್ಟೆಯಲ್ಲಿ ನೀರು ಇದ್ದು ಸಿಎ-125 ಹೆಚ್ಚಿದ್ದರೆ ಮೊದಲು ಕ್ಷಯವನ್ನು ಹುಡುಕಬೇಕು. ಇನ್ನೊಂದು ಕಡೆ ಅದು ಸುಳ್ಳಾಗಿ ಇಳಿಯುವುದೂ ಉಂಟು. ಕೂದಲು ಉದುರುತ್ತದೆ ಎಂದು ಬಯೋಟಿನ್ ಮಾತ್ರೆ ನುಂಗುವವರು ಈಗ ಬಹಳ. ಬಯೋಟಿನನ್ನೇ ಬಳಸಿ ಅಳೆಯುವ, ಬಯೋಟಿನ್–ಸ್ಟ್ರೆಪ್ಟಾವಿಡಿನ್ ವಿಧಾನದ ಯಂತ್ರಗಳಲ್ಲಿ 5–10 ಮಿಲಿಗ್ರಾಂ ಮಾತ್ರೆ ನುಂಗಿದವರ ಫಲಿತಾಂಶ ನಿಜಕ್ಕಿಂತ ಕಡಿಮೆ ಬರಬಹುದು. ಕನಿಷ್ಠ ಎರಡು ದಿನ ಬಿಟ್ಟು ರಕ್ತ ತೆಗೆಯಬೇಕು. ಒಂದು ಕಂಪನಿಯ ಯಂತ್ರದ ಸಂಖ್ಯೆಯನ್ನು ಇನ್ನೊಂದರ ಸಂಖ್ಯೆಯ ಪಕ್ಕ ಇಟ್ಟು ‘ಏರಿದೆ, ಇಳಿದಿದೆ’ ಎನ್ನುವುದೂ ತಪ್ಪು. ಬಂಗಾರಪೇಟೆಯಲ್ಲಿ ಒಮ್ಮೆ, ಬೆಂಗಳೂರಿನಲ್ಲಿ ಒಮ್ಮೆ ಮಾಡಿಸಿದ ರಿಪೋರ್ಟ್‌ಗಳನ್ನು ಹೋಲಿಸಿ ಔಷಧಿ ಬದಲಿಸಬೇಡಿ ಎಂದು ನಮ್ಮ ಯುವ ವೈದ್ಯರಿಗೆ ವಿನಂತಿ.

ಹಾಗಾದರೆ ಸಿಎ-125 ಯಾರಿಗೂ ಬೇಡವೇ? ಬೇಕು. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯದ ಗಡ್ಡೆ ಅನುಮಾನ ಹುಟ್ಟಿಸುವಂತೆ ಕಂಡಾಗ, ಮುಟ್ಟು ನಿಂತಿದೆಯೇ ಎಂಬುದನ್ನೂ ಗಡ್ಡೆಯ ರೂಪವನ್ನೂ ಸೇರಿಸಿ ಕ್ಯಾನ್ಸರ್ ಅಪಾಯದ ಅಂಕ ಲೆಕ್ಕ ಹಾಕಲು ಬೇಕೇ ಬೇಕು. ಚಾಕಲೇಟ್ ಸಿಸ್ಟ್ ಇದ್ದಾಗಲೂ ಸಿಎ-125 ನೂರು ದಾಟಬಹುದು. ಅಂಥಲ್ಲಿ ಎಚ್‌ಇ-4 ಎಂಬ ಇನ್ನೊಂದು ಪ್ರೋಟೀನು ನೆರವಿಗೆ ಬರುತ್ತದೆ, ಏಕೆಂದರೆ ಎಂಡೊಮೆಟ್ರಿಯೋಸಿಸ್‌ನಲ್ಲಿ ಅದು ಸಾಮಾನ್ಯವಾಗಿ ಏರುವುದಿಲ್ಲ.

ಹೊಸ ಪರೀಕ್ಷೆಗಳ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಜನ ನಮ್ಮನ್ನು ಕೇಳುತ್ತಾರೆ. ಆಸೆ ಇಟ್ಟುಕೊಳ್ಳುವಂಥ ಕೆಲಸ ನಡೆಯುತ್ತಿದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ. ಜೀವಕೋಶಗಳು ಹೊರಬಿಡುವ ಪುಟ್ಟ ಮೈಕ್ರೊ ಆರ್‌ಎನ್‌ಎ ತುಣುಕುಗಳನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ರಕ್ತದಲ್ಲಿ ಅಳೆದು, ಆರು ತುಣುಕುಗಳ ಗುಂಪೊಂದು ರೋಗವನ್ನು ಚೆನ್ನಾಗಿ ಬೇರ್ಪಡಿಸುತ್ತದೆ ಎಂದು 2020ರಲ್ಲಿ ತೋರಿಸಿದರು. ಆಸ್ಟ್ರೇಲಿಯಾದಲ್ಲಿ 800ಕ್ಕೂ ಹೆಚ್ಚು ಮಹಿಳೆಯರ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ದ್ರವದಲ್ಲಿ, ಹತ್ತು ಪ್ರೋಟೀನುಗಳನ್ನು ಒಟ್ಟಿಗೆ ಅಳೆಯುವ ಪರೀಕ್ಷೆಯನ್ನು ರೂಪಿಸಿದ್ದಾರೆ. ಫ್ರಾನ್ಸ್‌ನದು ರಕ್ತವಲ್ಲ, ಎಂಜಲು: 109 ಮೈಕ್ರೊ ಆರ್‌ಎನ್‌ಎಗಳನ್ನು ಓದುವ ಪರೀಕ್ಷೆ. 200 ಮಹಿಳೆಯರ ಮೇಲಿನ ಮೊದಲ ಅಧ್ಯಯನದಲ್ಲಿ ಬೆರಗಾಗುವಂಥ ಫಲಿತಾಂಶ ಬಂತು. 2025ರ ಫೆಬ್ರವರಿಯಿಂದ ಆಯ್ದ ಆಸ್ಪತ್ರೆಗಳಲ್ಲಿ ಅಲ್ಲಿನ ಆರೋಗ್ಯ ವಿಮೆ ಇದರ ಖರ್ಚು ಭರಿಸುತ್ತಿದೆ. ಆದರೆ ಗಮನಿಸಿ: ಅಲ್ಲಿಯೂ ಅದನ್ನು ಬಳಸುವುದು ವೈದ್ಯರ ತಪಾಸಣೆ ಮತ್ತು ಸ್ಕ್ಯಾನಿಂಗ್ ಎರಡೂ ಆಗಿ, ಇನ್ನೂ ಅನುಮಾನ ಉಳಿದವರಲ್ಲಿ. ಜೊತೆಗೆ ಪರೀಕ್ಷೆಯ ನಿಜವಾದ ಉಪಯೋಗ ಎಷ್ಟೆಂದು ಮಾಹಿತಿ ಕಲೆಹಾಕುವುದೂ ಆ ಯೋಜನೆಯ ಉದ್ದೇಶ. ಸೀದಾ ಅಂಗಡಿಯಲ್ಲಿ ಕೊಂಡು ‘ಇದೆ’, ‘ಇಲ್ಲ’ ಎನ್ನುವುದಕ್ಕಲ್ಲ.

ಒಳ್ಳೆಯ ಅಂಕಿ ತೋರಿಸಿದ ಪರೀಕ್ಷೆಗಳು ಆಮೇಲೆ ಯಾಕೆ ಸೊರಗುತ್ತವೆ ಎಂಬುದನ್ನು ಅರ್ಥ ಮಾಡಿಕೊಂಡರೆ ಮುಂದೆ ಬರುವ ಜಾಹೀರಾತುಗಳನ್ನು ಓದುವುದು ಸುಲಭ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕೊಕ್ರೇನ್ ಸಂಸ್ಥೆಯ 2016ರ ವಿಮರ್ಶೆ 141 ಅಧ್ಯಯನಗಳನ್ನೂ 122 ರಕ್ತ ಸೂಚಕಗಳನ್ನೂ ಜಾಲಾಡಿ, ಒಂದನ್ನೂ ಆಸ್ಪತ್ರೆಯ ಬಳಕೆಗೆ ಒಪ್ಪಲಿಲ್ಲ. ಆಪರೇಷನ್ ಬದಲಿಗೆ ನಿಲ್ಲಬೇಕಾದರೆ ರೋಗ ಇರುವ 100 ಜನರಲ್ಲಿ ಕನಿಷ್ಠ 94 ಜನರನ್ನು ಹಿಡಿಯಬೇಕು, ಇಲ್ಲದ 100 ಜನರಲ್ಲಿ 79 ಜನರನ್ನಾದರೂ ಸರಿಯಾಗಿ ಬಿಟ್ಟುಕೊಡಬೇಕು ಎಂಬುದು ಅವರ ಅಳತೆ. ಆ ಅಧ್ಯಯನಗಳ ಹಲವು ದೋಷಗಳು ಒಂದೇ ಬಗೆಯವು. ರೋಗ ಬಲಿತವರನ್ನು ಏನೂ ನೋವಿಲ್ಲದ ಆರೋಗ್ಯವಂತರ ಜೊತೆ ಹೋಲಿಸಿದರೆ ಎಂಥ ಪರೀಕ್ಷೆಯೂ ಗೆಲ್ಲುತ್ತದೆ. ನಮ್ಮ ಮುಂದೆ ಬರುವವರೆಲ್ಲ ನೋವಿರುವವರು. ಅವರಲ್ಲಿ ಯಾರ ನೋವು ಇದರಿಂದ, ಯಾರದು ಬೇರೆಯದರಿಂದ ಎಂದು ಬೇರ್ಪಡಿಸಬೇಕು. ಮುಟ್ಟಿನ ಚಕ್ರದ ಯಾವ ದಿನ ರಕ್ತ ತೆಗೆದರು, ಹಾರ್ಮೋನ್ ಮಾತ್ರೆಯ ಮೇಲಿದ್ದರೇ ಎಂಬುದನ್ನು ಎಷ್ಟೋ ಕಡೆ ಬರೆದಿಟ್ಟಿಲ್ಲ. ಒಂದು ಊರಿನಲ್ಲಿ ಹುಡುಕಿದ ತುಣುಕುಗಳು ಇನ್ನೊಂದು ಊರಿನವರಲ್ಲಿ ಎಷ್ಟೋ ಸಲ ಮತ್ತೆ ಸಿಕ್ಕಿಲ್ಲ. ರಕ್ತಹೀನತೆ, ಕ್ಷಯ ಇಷ್ಟಿರುವ ನಮ್ಮ ಹೆಣ್ಣುಮಕ್ಕಳ ರಕ್ತದಲ್ಲಿ ಆ ಅಂಕಿಗಳು ನಿಲ್ಲುತ್ತವೆಯೇ ಎಂಬುದನ್ನು ಇಲ್ಲೇ ಪರೀಕ್ಷಿಸಬೇಕು.

ಲ್ಯಾಬ್‌ನವರಾಗಿ ನಮ್ಮನ್ನು ಹೆಚ್ಚು ಕಾಡುವುದು ರಕ್ತ ಒಡೆಯುವ ಸಮಸ್ಯೆ. ಯೇಲ್‌ನವರ ಆರರಲ್ಲಿ ಒಂದು ತುಣುಕಿನ ಹೆಸರು ಮಿರ್-451ಎ. ಕೆಂಪು ರಕ್ತಕಣಗಳೊಳಗೆ ಇದು ಕಿಕ್ಕಿರಿದಿರುತ್ತದೆ. ಕಣ ಒಡೆದರೆ ಅದೆಲ್ಲ ಪ್ಲಾಸ್ಮಾಕ್ಕೆ ಸೋರುತ್ತದೆ, ರೋಗವಿಲ್ಲದವಳ ರಕ್ತದಲ್ಲೂ ‘ಏರಿಕೆ’ ಕಾಣುತ್ತದೆ. ಮುಳಬಾಗಿಲಿನ ಒಂದು ಕಲೆಕ್ಷನ್ ಸೆಂಟರ್ ನೆನೆಯಿರಿ. ಬೆಳಿಗ್ಗೆ ಹತ್ತಕ್ಕೆ ರಕ್ತ ತೆಗೆಯುತ್ತಾರೆ. ಸ್ಪಿರಿಟ್ ಒಣಗುವ ಮೊದಲೇ ಸೂಜಿ ಚುಚ್ಚಿರುತ್ತಾರೆ, ತೋಳಿಗೆ ಕಟ್ಟಿದ ಪಟ್ಟಿ ಎರಡು ಮೂರು ನಿಮಿಷ ಹಾಗೇ ಇರುತ್ತದೆ, ಸಿರಿಂಜಿನಲ್ಲಿ ಜೋರಾಗಿ ಎಳೆದ ರಕ್ತವನ್ನು ಅದೇ ಸೂಜಿಯಿಂದ ಟ್ಯೂಬಿನ ಮುಚ್ಚಳಕ್ಕೆ ಚುಚ್ಚಿ ಒತ್ತುತ್ತಾರೆ. ಟ್ಯೂಬನ್ನು ವೇಗವಾಗಿ ತಿರುಗಿಸಿ ರಕ್ತಕಣ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಇಲ್ಲ. ಟ್ಯೂಬ್ ನೇರವಾಗಿ ಐಸ್ ಪ್ಯಾಕಿಗೆ ಅಂಟಿಕೊಂಡು ಡಬ್ಬಿಯಲ್ಲಿ ಕುಳಿತು, ಕೋಲಾರದ ಮೇಲೆ ಬೆಂಗಳೂರು ಸೇರುವ ಹೊತ್ತಿಗೆ ಸಂಜೆ. ಅಲ್ಲಿ ತಿರುಗಿಸಿದಾಗ ಮೇಲೆ ನಿಂತ ಪ್ಲಾಸ್ಮಾ ಒಣಹುಲ್ಲಿನ ಬಣ್ಣದಲ್ಲಿರಬೇಕಾದ್ದು ತಿಳಿಗುಲಾಬಿಯಾಗಿರುತ್ತದೆ. ಸಕ್ಕರೆ, ಥೈರಾಯ್ಡ್ ಪರೀಕ್ಷೆಗೆ ಇದು ಹೇಗೋ ನಡೆದುಹೋಗಬಹುದು. ಮೈಕ್ರೊ ಆರ್‌ಎನ್‌ಎಗೆ ಆ ಟ್ಯೂಬ್ ಕಸದ ಬುಟ್ಟಿಗೆ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. 21 ಗೇಜ್ ಸೂಜಿ, ನೇರ ವ್ಯಾಕ್ಯೂಮ್ ಟ್ಯೂಬ್, ಪಟ್ಟಿ ಒಂದು ನಿಮಿಷದೊಳಗೆ ಸಡಿಲ. ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಹಸಿರು ಟ್ಯೂಬ್ ಬೇಡ, ಅದು ತುಣುಕುಗಳನ್ನು ಹೆಚ್ಚಿಸಿ ಅಳೆಯುವ ಮುಂದಿನ ಪಿಸಿಆರ್ ಹಂತಕ್ಕೆ ಅಡ್ಡಿ. ಹೆಪ್ಪುಗಟ್ಟುವುದನ್ನು ತಡೆಯಲು ಇಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬ್ ಇರಲಿ. ಕುಲುಕದೆ ಎಂಟು ಹತ್ತು ಸಲ ಮೆಲ್ಲಗೆ ಮೇಲೆಕೆಳಗೆ ಮಾಡಬೇಕು. ಎರಡು ಗಂಟೆಯೊಳಗೆ ಮೊದಲ ಸಲ ತಿರುಗಿಸಿ, ಮೇಲಿನ ಪ್ಲಾಸ್ಮಾವನ್ನು ಕೆಳಗಿನ ಬಿಳಿ ಪದರ ಕದಡದಂತೆ ಅರ್ಧ ಸೆಂಟಿಮೀಟರ್ ಬಿಟ್ಟು ತೆಗೆದು, ಪ್ಲೇಟ್‌ಲೆಟ್ ಉಳಿಯದಂತೆ ಇನ್ನೊಮ್ಮೆ ಹೆಚ್ಚು ವೇಗದಲ್ಲಿ ತಿರುಗಿಸಬೇಕು. 414 ನ್ಯಾನೊಮೀಟರ್ ಬೆಳಕಿನಲ್ಲಿ ಹೀರಿಕೆ 0.2 ದಾಟಿದರೆ ರಕ್ತ ಒಡೆದಿದೆ ಎಂದು ಗುರುತು ಹಾಕಬೇಕು. ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80 ಡಿಗ್ರಿಯಲ್ಲಿ ಇಡಬೇಕು. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಬಳಸಬಾರದು. ಟ್ಯೂಬಿನ ಜೊತೆ ಹೋಗುವ ಚೀಟಿಯಲ್ಲಿ ಕೊನೆಯ ಮುಟ್ಟಿನ ಮೊದಲ ದಿನ, ತೆಗೆದುಕೊಳ್ಳುತ್ತಿರುವ ಹಾರ್ಮೋನ್ ಮಾತ್ರೆ, ರಕ್ತ ತೆಗೆದ ಗಂಟೆ, ತಿರುಗಿಸಿದ ಗಂಟೆ ಇರಲೇಬೇಕು. ಟಮಕದ ವೈದ್ಯಕೀಯ ಕಾಲೇಜು ಈ ಜಿಲ್ಲೆಯಲ್ಲೇ ಇದೆ. ನಮ್ಮ ದೇಶದ ಮಹಿಳೆಯರಲ್ಲಿ ಈ ರೋಗವನ್ನು ಕುರಿತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ಮುಂಬೈ ಸಂಸ್ಥೆ ಅಧ್ಯಯನ ನಡೆಸಿದೆ. ಮುಂದೆ ಅಂಥ ಕೆಲಸದಲ್ಲಿ ಕೋಲಾರದ ಮಾದರಿಗಳಿಗೂ ಜಾಗ ಸಿಗಬೇಕಾದರೆ ಈ ಶಿಸ್ತು ಈಗಲೇ ಬರಬೇಕು.

ಇನ್ನು ಈ ದಿನ ಏನು ಮಾಡಬಹುದು ಎಂಬುದಕ್ಕೆ ಬರೋಣ. ಮೊದಲನೆಯದು ಪ್ರಶ್ನೆಗಳು. ಮುಟ್ಟಿನ ನೋವಿಗೆ ಶಾಲೆ, ಕೂಲಿ, ಪಾಳಿ ತಪ್ಪುತ್ತದೆಯೇ? ಮಾತ್ರೆ ನುಂಗಿದರೂ ನಿಲ್ಲುವುದಿಲ್ಲವೇ? ಮುಟ್ಟಿಗೆ ಮುಂಚೆಯೇ ಶುರುವಾಗಿ ಮುಗಿದ ಮೇಲೂ ಉಳಿಯುತ್ತದೆಯೇ? ಆ ದಿನಗಳಲ್ಲಿ ಮಲ ಅಥವಾ ಮೂತ್ರ ವಿಸರ್ಜಿಸುವಾಗ ನೋವೇ, ರಕ್ತವೇ? ಮದುವೆಯಾದವರಿಗೆ, ಗಂಡನ ಜೊತೆ ಸೇರುವಾಗ ಆಳದಲ್ಲಿ ನೋವೇ? ಒಂದು ವರ್ಷ ಪ್ರಯತ್ನಿಸಿಯೂ ಬಸುರಾಗಿಲ್ಲವೇ? ತಾಯಿಗೋ ಅಕ್ಕತಂಗಿಗೋ ಇದೇ ತೊಂದರೆ ಇತ್ತೇ? ಸಿಸೇರಿಯನ್ ಗಾಯದ ಜಾಗದಲ್ಲಿ ತಿಂಗಳಿಗೊಮ್ಮೆ ಊದುವ ಗಂಟು ಇದೆಯೇ? ಇವನ್ನು ಕೇಳಲು ಐದು ನಿಮಿಷ ಸಾಕು. ಆಶಾ ಕಾರ್ಯಕರ್ತೆಯರೂ ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್‌ನ ಆಪ್ತಸಮಾಲೋಚಕರೂ ಕೇಳಬಲ್ಲರು. ಆದರೆ ಅತ್ತೆಯನ್ನೂ ಗಂಡನನ್ನೂ ಹೊರಗೆ ಕೂರಿಸಿ ಕೇಳಬೇಕು. ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪೇಟೆಗಳಲ್ಲಿ ಉರ್ದು. ಇಂಥ ನೋವನ್ನು ಯಾರೂ ಮನೆಮಾತಿನಲ್ಲಲ್ಲದೆ ಬಿಚ್ಚಿ ಹೇಳುವುದಿಲ್ಲ. ಪ್ರಶ್ನೆಪಟ್ಟಿ ಆ ಭಾಷೆಗಳಲ್ಲೂ ಇರಲಿ.

ಎರಡನೆಯದು ಸ್ಕ್ಯಾನಿಂಗ್. ಒಳಗಿನ ಸ್ಕ್ಯಾನ್, ಅಂದರೆ ಯೋನಿಯ ಮೂಲಕ ಮಾಡುವುದು, ಚಾಕಲೇಟ್ ಸಿಸ್ಟನ್ನು 100ರಲ್ಲಿ 93 ಜನರಲ್ಲಿ ಹಿಡಿಯುತ್ತದೆ. ನುರಿತ ಕೈಯಲ್ಲಿ ಗುದನಾಳದ ಗಂಟನ್ನೂ ಸುಮಾರು 90 ಜನರಲ್ಲಿ ತೋರಿಸುತ್ತದೆ. ಸಿಎ-125 ಇದರ ಹತ್ತಿರವೂ ಬರುವುದಿಲ್ಲ. ಆದರೆ ‘ಗರ್ಭಕೋಶ ನಾರ್ಮಲ್, ಅಂಡಾಶಯ ನಾರ್ಮಲ್’ ಎಂಬ ಎರಡು ಸಾಲಿನ ರಿಪೋರ್ಟ್‌ನಿಂದ ಏನೂ ಪ್ರಯೋಜನವಿಲ್ಲ. ಪ್ರೋಬನ್ನು ಮೆಲ್ಲಗೆ ಒತ್ತಿದಾಗ ಗರ್ಭಕೋಶ ಗುದನಾಳದ ಮೇಲೆ ಸಲೀಸಾಗಿ ಜಾರುತ್ತದೆಯೇ, ಅಂಟಿಕೊಂಡಿದೆಯೇ? ಎರಡೂ ಅಂಡಾಶಯ ಗರ್ಭಕೋಶದ ಹಿಂದೆ ಒಂದನ್ನೊಂದು ಮುಟ್ಟುತ್ತಿವೆಯೇ? ಒತ್ತಿದಾಗ ಯಾವ ಜಾಗದಲ್ಲಿ ನೋವು? ಇವನ್ನು ಬರೆಯಬೇಕು. ಎರಡೂ ಕಿಡ್ನಿಗಳನ್ನು ತಪ್ಪದೆ ನೋಡಬೇಕು, ಇದನ್ನು ಒತ್ತಿ ಹೇಳುತ್ತೇವೆ. ಮೂತ್ರನಾಳವನ್ನು ಈ ಗಂಟು ಸುತ್ತಿಕೊಂಡರೆ ಯಾವ ನೋವೂ ಇಲ್ಲದೆ ಕಿಡ್ನಿ ಊದಿ ಹಾಳಾಗುತ್ತದೆ, ತಿಳಿಯುವ ಹೊತ್ತಿಗೆ ಮೀರಿರುತ್ತದೆ. ಮದುವೆಯಾಗದ ಹುಡುಗಿಯರಿಗೆ ಹೊಟ್ಟೆಯ ಮೇಲಿನ ಸ್ಕ್ಯಾನ್, ಒಪ್ಪಿದರೆ ಗುದದ ಮೂಲಕ, ಬೇಕೆನಿಸಿದರೆ ಎಂಆರ್‌ಐ. ಪೊರೆಯ ಮೇಲಿನ ಸಣ್ಣ ಚುಕ್ಕೆಗಳು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಹಾಗಾಗಿ ಸ್ಕ್ಯಾನ್ ನಾರ್ಮಲ್ ಆದರೂ ಲಕ್ಷಣ ಇದ್ದರೆ ಚಿಕಿತ್ಸೆ ಶುರುಮಾಡಬೇಕು. ರೋಗದ ಹಂತಕ್ಕೂ ನೋವಿನ ತೀವ್ರತೆಗೂ ನೇರ ಸಂಬಂಧವಿಲ್ಲ ಎಂಬುದು ಪಠ್ಯಪುಸ್ತಕದಲ್ಲೇ ಇದೆ.

ಚಿಕಿತ್ಸೆಗೆ ಬಯಾಪ್ಸಿ ಬರಲಿ ಎಂದು ಕಾಯಬೇಕಿಲ್ಲ. ನೋವಿನ ಮಾತ್ರೆಯ ಜೊತೆಗೆ ಡೈಯೆನೊಜೆಸ್ಟ್ ಎಂಬ ಹಾರ್ಮೋನ್ ಮಾತ್ರೆ ದಿನಕ್ಕೆ 2 ಮಿಲಿಗ್ರಾಂ, ಅಥವಾ ಅದೇ ಬಗೆಯ ನೊರೆಥಿಸ್ಟೆರೋನ್, ಅಥವಾ ಎರಡು ಹಾರ್ಮೋನಿನ ಗರ್ಭನಿರೋಧಕ ಮಾತ್ರೆ, ಇಲ್ಲವೇ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಕಾಯಿಲ್, ವೈದ್ಯರು ನೋಡಿ ಆರಿಸುವುದು. ಮೊದಲ ಮೂರು ತಿಂಗಳು ಡೈಯೆನೊಜೆಸ್ಟ್‌ನಲ್ಲಿ ಹನಿ ಹನಿ ರಕ್ತ ಕಾಣುತ್ತದೆ. ಇದನ್ನು ಮುಂಚೆಯೇ ಹೇಳದಿದ್ದರೆ ಹೆದರಿ ಎರಡನೇ ವಾರಕ್ಕೇ ನಿಲ್ಲಿಸುತ್ತಾರೆ, ‘ಔಷಧಿ ಹಿಡಿಯಲಿಲ್ಲ’ ಎನ್ನುತ್ತಾರೆ. ಬಿಪಿ ಇರುವವರಿಗೆ, ಕಣ್ಣಿಗೆ ಮಿಂಚು ಹೊಡೆದು ಬರುವ ಮೈಗ್ರೇನ್ ಇರುವವರಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಎರಡು ಹಾರ್ಮೋನಿನ ಮಾತ್ರೆ ಕೊಡಬಾರದು. ಈಗಲೇ ಮಗು ಬೇಕೆನ್ನುವವರಿಗೆ ಈ ಔಷಧಿಗಳು ಸಲ್ಲ, ಅವರನ್ನು ತಡಮಾಡದೆ ಬಂಜೆತನ ಚಿಕಿತ್ಸೆಗೆ ಕಳಿಸಬೇಕು. ಚಾಕಲೇಟ್ ಸಿಸ್ಟ್ ಕಂಡ ಕೂಡಲೇ ಕೊಯ್ಯುವುದೂ ಸರಿಯಲ್ಲ. ಸಿಸ್ಟ್ ಜೊತೆಗೆ ಅಂಡಾಣುಗಳ ಸಂಗ್ರಹವೂ ಕಡಿಮೆಯಾಗುತ್ತದೆ.

ಮಾನ್ಯರೇ, ಇಷ್ಟರ ಮೇಲೆ ನಮ್ಮ ಕೋರಿಕೆಗಳು. ಮೇಲಿನ ಪ್ರಶ್ನೆಪಟ್ಟಿಯನ್ನು ಆರೂ ತಾಲ್ಲೂಕುಗಳ ಸ್ನೇಹ ಕ್ಲಿನಿಕ್ ಮತ್ತು ಆಯುಷ್ಮಾನ್ ಆರೋಗ್ಯ ಮಂದಿರಗಳಿಗೆ ಕಳಿಸಿ. ಎಸ್‌ಎನ್‌ಆರ್ ಆಸ್ಪತ್ರೆಯಲ್ಲಿ ವಾರಕ್ಕೊಂದು ಮಧ್ಯಾಹ್ನ ಮುಟ್ಟಿನ ನೋವಿಗೆಂದೇ ಹೊರರೋಗಿ ವಿಭಾಗ ಇರಲಿ, ಅದೇ ಹೊತ್ತಿಗೆ ಒಳಗಿನ ಸ್ಕ್ಯಾನ್ ಮಾಡುವವರೂ ಇರಲಿ. ಬೆಳಿಗ್ಗೆ ಬೇಡ, ಗರ್ಭಿಣಿಯರ ಸಾಲಿನಲ್ಲಿ ಇವರು ಹಿಂದೆ ಬೀಳುತ್ತಾರೆ. ಡೈಯೆನೊಜೆಸ್ಟ್ ತಾಲ್ಲೂಕು ಆಸ್ಪತ್ರೆಗಳ ಔಷಧಿ ಬೇಡಿಕೆ ಪಟ್ಟಿಗೆ ಸೇರಲಿ. ತಿಂಗಳುಗಟ್ಟಲೆ ನುಂಗಬೇಕಾದ ಮಾತ್ರೆಯನ್ನು ಟೊಮೆಟೊ ಕೊಯ್ಲಿನ ಕೂಲಿಯಿಂದ ಕೊಳ್ಳಲಾಗದು. ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಲ್ಲಿ ಸಾವಿರಾರು ಯುವತಿಯರು ಪಾಳಿಯಲ್ಲಿ ದುಡಿಯುತ್ತಾರೆ. ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಆ ರಜೆಯನ್ನು ತಿಂಗಳೂ ತಪ್ಪದೆ ತೆಗೆದುಕೊಳ್ಳಬೇಕಾಗಿ ಬರುವವಳನ್ನು ಕಾರ್ಖಾನೆಯ ನರ್ಸ್ ಈ ಹೊರರೋಗಿ ವಿಭಾಗಕ್ಕೆ ಕಳಿಸುವ ಏರ್ಪಾಡಾಗಲಿ, ಹಾಜರಿ ಪುಸ್ತಕದಲ್ಲಿ ಅವಳ ಮೇಲೆ ಕೆಂಪು ಗುರುತು ಬೀಳುವುದು ಬೇಡ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಲ್ಯಾಬ್‌ಗಳ ನೋಂದಣಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರದ ಕೈಯಲ್ಲಿದೆ, ನೀವು ಅದರ ಸದಸ್ಯ ಕಾರ್ಯದರ್ಶಿ. ಆ ಅಧಿಕಾರದಿಂದ ಜಿಲ್ಲೆಯ ಎಲ್ಲ ಲ್ಯಾಬ್‌ಗಳಿಗೆ ಒಂದು ಸುತ್ತೋಲೆ ಹೊರಡಿಸಿ: ‘ಎಂಡೊಮೆಟ್ರಿಯೋಸಿಸ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ರಕ್ತ ಪರೀಕ್ಷೆ ಮಾರಬಾರದು, ಸಿಎ-125 ರಿಪೋರ್ಟ್‌ನಲ್ಲಿ ಯಂತ್ರದ ಹೆಸರು, ರಕ್ತ ತೆಗೆದಾಗ ಮುಟ್ಟಿನ ಎಷ್ಟನೇ ದಿನ, ಬಯೋಟಿನ್ ತೆಗೆದುಕೊಂಡಿದ್ದರೇ ಎಂಬುದು ಇರಬೇಕು, ಸಂಖ್ಯೆಯ ಕೆಳಗೆ ಅದೇ ಅಕ್ಷರದ ಗಾತ್ರದಲ್ಲಿ, ಕನ್ನಡದಲ್ಲಿ, ಹೀಗೆ ಅಚ್ಚಾಗಬೇಕು:

‘ಈ ಪರೀಕ್ಷೆಯಿಂದ ಎಂಡೊಮೆಟ್ರಿಯೋಸಿಸ್ ಇದೆ ಅಥವಾ ಇಲ್ಲ ಎಂದು ಹೇಳಲಾಗುವುದಿಲ್ಲ. ಫಲಿತಾಂಶ 35ಕ್ಕಿಂತ ಕಡಿಮೆ ಇದ್ದರೂ ಮುಟ್ಟಿನ ನೋವು ಮುಂದುವರಿದರೆ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಫಲಿತಾಂಶ ಹೆಚ್ಚಿದ್ದ ಮಾತ್ರಕ್ಕೆ ಕ್ಯಾನ್ಸರ್ ಎಂದು ಅರ್ಥವಲ್ಲ.’

ಸುತ್ತೋಲೆಯ ಕರಡು, ನಾಲ್ಕು ಭಾಷೆಗಳ ಪ್ರಶ್ನೆಪಟ್ಟಿ, ಸ್ಕ್ಯಾನಿಂಗ್ ರಿಪೋರ್ಟ್‌ನ ನಮೂನೆ, ರಕ್ತದ ಮಾದರಿ ತೆಗೆದು ಸಾಗಿಸುವ ಕ್ರಮ, ಇವನ್ನೆಲ್ಲ ಬರೆದುಕೊಡಲು ನಾವು ಸಿದ್ಧ. ವೈದ್ಯಾಧಿಕಾರಿಗಳ ಮುಂದಿನ ಮಾಸಿಕ ಸಭೆಯಲ್ಲಿ ಅರ್ಧ ಗಂಟೆ ಕೊಟ್ಟರೆ ಬಂದು ವಿವರಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಲ್ಯಾಬ್, ಸ್ಕ್ಯಾನಿಂಗ್ ಮತ್ತು ಸ್ತ್ರೀರೋಗ ವಿಭಾಗಗಳಲ್ಲಿ ದುಡಿಯುವವರು